ಅಣುಯುದ್ಧದ ಸಾಧ್ಯತೆಯನ್ನು ಅಂದಾಜಿಸುವ ಬಗೆ

ಭಾರತ-ಪಾಕಿಸ್ತಾನ ಸಂಘರ್ಷದ ನಡುವೆ 2025ರ ಮೇ 7ರಂದು ಕಾಸರಗೋಡು ಸಹಿತ ಕೇರಳದ 14 ಜಿಲ್ಲೆಗಳಲ್ಲೂ ನಾಗರಿಕ ರಕ್ಷಣೆಯ ಮಾಕ್ ಡ್ರಿಲ್ ನಡೆದ ಸಂಜೆ, ನಮ್ಮೂರ ವಾಚನಾಲಯದಲ್ಲಿ ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದಿಟ್ಟು, “ಮಾಷ್ಟ್ರೇ, ಅಣುಬಾಂಬು ಬೀಳ್ಲಿಕ್ಕುಂಟಾ?” ಎಂದು ಕೇಳಿದರು. ಈ ಪ್ರಶ್ನೆಗೆ ಖಚಿತ ಉತ್ತರ ಕೊಡಲಾಗದಿದ್ದರೂ ಅಂದಾಜು ಮಾಡುವ ಕ್ರಮವೊಂದಿದೆ.

ಮೊದಲು ಪ್ರಶ್ನೆಯನ್ನು ಬಿಡಿಸಿಕೊಳ್ಳಿ. ಗಡಿಯಲ್ಲಿ ಘರ್ಷಣೆ ಹುಟ್ಟುವುದು, ಅದು ಪೂರ್ಣ ಯುದ್ಧವಾಗುವುದು, ಆ ಯುದ್ಧದಲ್ಲಿ ಯಾರಾದರೂ ಅಣ್ವಸ್ತ್ರ ಬಳಸುವುದು, ಈ ಮೂರಕ್ಕೂ ನೂರರಲ್ಲಿ ಎಷ್ಟೆಂದು ಬೇರೆಬೇರೆಯಾಗಿ ಬರೆದು ಗುಣಿಸಬೇಕು. ಅವಧಿಯನ್ನೂ ನಮೂದಿಸಬೇಕು. ವರ್ಷಕ್ಕೆ ನೂರರಲ್ಲಿ ಒಂದು ಎಂಬುದು ಅಲ್ಪವೆನಿಸಿದರೂ, ಅದೇ ದರ 50 ವರ್ಷ ಮುಂದುವರಿದರೆ ಒಮ್ಮೆಯಾದರೂ ಸಂಭವಿಸುವ ಸಾಧ್ಯತೆ ಸುಮಾರು ಶೇ. 39 ಆಗುತ್ತದೆ. ನನ್ನ ನಿದ್ದೆ ಕೆಡಿಸುವ ಲೆಕ್ಕ ಇದು.

ಬಳಿಕ ನಾಯಕರ ವಿಚಾರ. ಚುನಾವಣಾ ಸಭೆಯ ಗುಡುಗಿಗೆ ಹೆಚ್ಚು ತೂಕ ಕೊಡಬೇಡಿ. ಆದೇಶ ಕೊಡುವ ಅಧಿಕಾರ ಯಾರದು, ಯೋಚಿಸಲು ಎಷ್ಟು ಹೊತ್ತಿದೆ, ಬೇಡವೆನ್ನಬಲ್ಲವರು ಪಕ್ಕದಲ್ಲಿದ್ದಾರೆಯೇ ಎಂದು ನೋಡಿ. ಅಮೆರಿಕದಲ್ಲಿ ಅಧ್ಯಕ್ಷರೊಬ್ಬರೇ ಆದೇಶಿಸಬಲ್ಲರು. ಭಾರತದಲ್ಲಿ ಆ ಅಧಿಕಾರ ಪ್ರಧಾನಿ ಅಧ್ಯಕ್ಷತೆಯ ರಾಜಕೀಯ ಮಂಡಳಿಗಿದೆ. ಮೊದಲು ಬಳಸುವುದಿಲ್ಲವೆಂಬ ನೀತಿಯನ್ನು 2003ರಲ್ಲಿ ಅಧಿಕೃತವಾಗಿ ಪ್ರಕಟಿಸಲಾಯಿತು. ಪಾಕಿಸ್ತಾನ ಅಂಥ ಮಾತು ಕೊಟ್ಟಿಲ್ಲ.

ಬೇಡವೆನ್ನುವವರ ಬೆಲೆ ತಿಳಿಯಲು 1962ರ ಅಕ್ಟೋಬರ್ 27ನ್ನು ನೆನೆಯಬೇಕು. ಕ್ಯೂಬಾ ಬಳಿ ಸೋವಿಯತ್ ಜಲಾಂತರ್ಗಾಮಿ ಬಿ-59, ಮಾಸ್ಕೋದ ಸಂಪರ್ಕವಿಲ್ಲದೆ, ಸುಡುವ ಸೆಕೆಯಲ್ಲಿ ನೀರಡಿಯಲ್ಲಿತ್ತು. ಅದನ್ನು ಮೇಲೆಬ್ಬಿಸಲು ಅಮೆರಿಕದ ನೌಕೆಗಳು ಎಚ್ಚರಿಕೆಯ ಸ್ಫೋಟಕಗಳನ್ನು ಎಸೆಯುತ್ತಿದ್ದವು. ಯುದ್ಧ ಶುರುವಾಗಿದೆಯೆಂದು ಕ್ಯಾಪ್ಟನ್ ಸವಿತ್ಸ್ಕಿ ಅಣು ಟಾರ್ಪೆಡೊ ಸಜ್ಜುಗೊಳಿಸಲು ಹೇಳಿದಾಗ, ಹಡಗಿನಲ್ಲಿದ್ದ ಹಿರಿಯ ಅಧಿಕಾರಿ ವಸಿಲಿ ಆರ್ಖಿಪೋವ್ ಆ ಕ್ಯಾಪ್ಟನ್ನನ್ನು ತಣಿಸಿದರೆಂದು ಜೊತೆಗಿದ್ದವರು ಮುಂದೆ ಹೇಳಿದ್ದಾರೆ. ತಪ್ಪು ಸೂಚನೆಯ ಪಾಲನ್ನೂ ಸೇರಿಸಿ: 1995ರ ಜನವರಿ 25ರಂದು ನಾರ್ವೆಯ ವೈಜ್ಞಾನಿಕ ರಾಕೆಟ್ಟನ್ನು ಕ್ಷಿಪಣಿಯೆಂದು ಶಂಕಿಸಿ ರಷ್ಯಾ ಅಧ್ಯಕ್ಷ ಯೆಲ್ಟ್‌ಸಿನ್ ಅವರ ಅಣು ಪೆಟ್ಟಿಗೆಯನ್ನು (ಅಣ್ವಸ್ತ್ರ ಬಳಕೆಗೆ ಆದೇಶ ಕೊಡುವ ಸಾಧನ) ಸಕ್ರಿಯಗೊಳಿಸಲಾಗಿತ್ತು. ನಾರ್ವೆ ಮೊದಲೇ ತಿಳಿಸಿದ್ದ ಮಾಹಿತಿ ರಷ್ಯಾದ ರೇಡಾರ್ ಸಿಬ್ಬಂದಿಗೆ ತಲುಪಿರಲಿಲ್ಲ.

ಮಾತಿನ ದಾರಿ ತೆರೆದಿದೆಯೇ ಎಂಬುದನ್ನು ಕೊನೆಗೆ ಪರಿಶೀಲಿಸಿ. 2025ರ ಮೇ 10ರ ಮಧ್ಯಾಹ್ನ ಭಾರತ, ಪಾಕಿಸ್ತಾನ ಎರಡೂ ಸೇನೆಗಳ ಕಾರ್ಯಾಚರಣಾ ಮಹಾನಿರ್ದೇಶಕರು ಫೋನಿನಲ್ಲಿ ಮಾತಾಡಿದ ಮೇಲೆ ದಾಳಿ ನಿಲ್ಲಿಸುವ ಒಪ್ಪಂದವಾಯಿತು. ಅಣು ಸ್ಥಾವರಗಳ ಪಟ್ಟಿಯನ್ನು ಭಾರತ, ಪಾಕಿಸ್ತಾನಗಳು 1992ರಿಂದ ಪ್ರತಿ ಜನವರಿ 1ರಂದು ವಿನಿಮಯ ಮಾಡಿಕೊಳ್ಳುತ್ತಿವೆ. ಆ ಸುದ್ದಿ ಬಂತೇ ಎಂದು ವರ್ಷವರ್ಷವೂ ನೋಡಿ, ನಿಮ್ಮ ಅಂಕಿಯನ್ನು ತಿದ್ದಿ ಪಕ್ಕದಲ್ಲಿ ದಿನಾಂಕ ಹಾಕಿ. ಹಳೆಯ ಅಂಕಿಯನ್ನು ಅಳಿಸದೆ ಉಳಿಸಿಕೊಳ್ಳಿ.