ಮಾಗಿ ಚಳಿಯಲ್ಲಿ ಘಾಟಿ ಇಳಿಯುವ ಮೊದಲು ಟಯರ್ ನೋಡಿ

ನಮ್ಮ ತಾಳವಾಡಿ ಕಡೆ ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಏಳಾದರೂ ಎದುರು ಮನೆ ಕಾಣುವುದಿಲ್ಲ. ಆ ಮಂಜಿನಲ್ಲೇ ದಿಂಬಂ ಘಾಟಿಯ 27 ತಿರುವು ಇಳಿದು ಬಣ್ಣಾರಿ, ಸತ್ಯಮಂಗಲ ಸೇರಬೇಕು. ಹೊರಡುವಾಗ ಲೈಟ್ ನೋಡುತ್ತೇವೆ, ವೈಪರ್ ನೋಡುತ್ತೇವೆ, ಟಯರಿಗೆ ಮಾತ್ರ ಕಾಲಲ್ಲಿ ಒಂದು ಒದ್ದು 'ಗಾಳಿ ಇದೆ ಬಿಡು' ಅಂತ ಹತ್ತಿಬಿಡುತ್ತೇವೆ.

ನಾನೂ ಹಾಗೇ ಇದ್ದೆ. ಒಂದು ಸಲ ಊಟಿಗೆ ಹೊರಟು ಮೇಟ್ಟುಪಾಳ್ಯದಲ್ಲಿ ಗಾಳಿ ನೋಡಿಸಿದೆ. ನನ್ನ ಕಾರಿಗೆ ಬೇಕಿರುವುದು 33 ಪಿಎಸ್‌ಐ (ಗಾಳಿ ಒತ್ತಡದ ಅಳತೆ), ಗೇಜು 38 ತೋರಿಸಿತು. 'ಅಣ್ಣಾ, ಜಾಸ್ತಿ ಆಯ್ತು, ಇಳಿಸಿಬಿಡಿ' ಎಂದೆ. ಮಾರನೇ ದಿನ ಬೆಳಿಗ್ಗೆ ಊಟಿಯಲ್ಲಿ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು, ಟಯರ್ ನೋಡಿದರೆ 28. ತಪ್ಪು ಗೇಜಿನದಲ್ಲ, ನನ್ನದೇ. ಓಡಿ ಬಿಸಿಯಾದ ಟಯರಿನಲ್ಲಿ ಗಾಳಿ ಹಿಗ್ಗಿರುತ್ತದೆ, ಆ ಲೆಕ್ಕ ನಂಬಬಾರದು.

ಹಾಗಾಗಿ ಮೊದಲ ಕೆಲಸ ಇದು: ಗಾಳಿಯನ್ನು ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆಯೇ ನೋಡಿ. ಇಲ್ಲವೇ ಗಾಡಿ ನಿಲ್ಲಿಸಿ ಮೂರು ಗಂಟೆಯಾದರೂ ಆಗಿರಲಿ. ಇದಕ್ಕೆ ಮನೆಯಲ್ಲೊಂದು ಗೇಜು ಇಟ್ಟುಕೊಳ್ಳಿ, ದುಬಾರಿಯೇನಲ್ಲ. ಎಷ್ಟಿರಬೇಕು ಅನ್ನುವುದನ್ನು ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕರಿನಲ್ಲಿ ಬರೆದಿರುತ್ತಾರೆ. ತುಂಬಾ ಜನ, ಲಗೇಜು ಇದ್ದರೆ ಎಷ್ಟು ಅಂತ ಬೇರೆ ಸಾಲೇ ಇರುತ್ತದೆ, ಮನೆಮಂದಿಯೆಲ್ಲ ಹೊರಟಾಗ ಅದನ್ನೇ ಹಿಡಿಯಿರಿ. ಟಯರಿನ ಪಕ್ಕೆಯ ಮೇಲೆ 'ಮ್ಯಾಕ್ಸ್ ಪ್ರೆಷರ್' ಅಂತ ಅಚ್ಚಾಗಿರುವ ನಂಬರ್ ಆ ಟಯರು ತಡೆಯುವ ಗರಿಷ್ಠ ಒತ್ತಡ, ಅಷ್ಟು ಹೊಡೆಸಬೇಡಿ.

ಚಳಿ ಸುಮಾರು 5-6 ಡಿಗ್ರಿ ಹೆಚ್ಚಿದರೆ ಒಂದು ಪಿಎಸ್‌ಐ ಇಳಿಯುತ್ತದೆ. ಮಧ್ಯಾಹ್ನ 30 ಡಿಗ್ರಿಯಲ್ಲಿ ಸರಿಯಿದ್ದ ಟಯರು 5 ಡಿಗ್ರಿಯ ಬೆಳಗಿಗೆ ನಾಲ್ಕು ಕಡಿಮೆ ತೋರಿಸಿದರೆ ಪಂಚರ್ ಅಂತ ಗಾಬರಿಯಾಗಬೇಕಿಲ್ಲ. ಬೆಟ್ಟ ಹತ್ತಿದಾಗ ಹೊರಗಿನ ಗಾಳಿ ತೆಳುವಾಗುವುದರಿಂದ ಗೇಜಿನಲ್ಲಿ ಒಂದೆರಡು ಜಾಸ್ತಿ ಕಾಣುವುದೂ ಉಂಟು, ಅದನ್ನು ನೋಡಿ ಇಳಿಸಲು ಹೋಗಬೇಡಿ. ನೈಟ್ರೋಜನ್ ಹಾಕಿಸಿದರೆ ಚಳಿಗೆ ಇಳಿಯಲ್ಲ ಅನ್ನುತ್ತಾರಲ್ವಾ, ಅದೂ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ, ಸುಮ್ನೆ ದುಡ್ಡು. ದಾರಿಯಲ್ಲೇ ಬಿಸಿ ಟಯರಿಗೆ ಹೊಡೆಸಬೇಕಾಗಿ ಬಂದರೆ ಸ್ಟಿಕರಿನ ಲೆಕ್ಕಕ್ಕಿಂತ ನಾಲ್ಕು ಜಾಸ್ತಿ ಹೊಡೆಸಿ, ಮಾರನೇ ಬೆಳಿಗ್ಗೆ ಮತ್ತೆ ನೋಡಿ.

ಗಾಳಿ ಕಡಿಮೆ ಇದ್ದರೆ ತಿರುವಿನಲ್ಲಿ ಟಯರಿನ ಪಕ್ಕೆ ಬಳುಕುತ್ತದೆ, ಸ್ಟೀರಿಂಗ್ ತಿರುಗಿಸಿದ ಮೇಲೆ ಗಾಡಿ ಒಂದು ಕ್ಷಣ ತಡವಾಗಿ ತಿರುಗಿದ ಹಾಗೆ ಅನಿಸುತ್ತದೆ. ಅಂಚುಗಳೂ ಬೇಗ ಸವೆಯುತ್ತವೆ.

ಆಮೇಲೆ ಬಟನ್, ಅಂದರೆ ರಸ್ತೆಗೆ ತಾಗುವ ಟಯರಿನ ಉಬ್ಬು ಅಚ್ಚು. ಇಬ್ಬನಿ ಬಿದ್ದ ರಸ್ತೆ, ಅದರ ಮೇಲೆ ಕೊಳೆತ ಎಲೆ, ಬೋಳು ಟಯರಿದ್ದರೆ ಜಾರುವುದು ಖಂಡಿತ. ಟಯರಿನ ಗೀರುಗಳ ಒಳಗೆ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ದಿಣ್ಣೆಗಳಿರುತ್ತವೆ, ಬಟನ್ ಅದರ ಮಟ್ಟಕ್ಕೆ ಸವೆದಿದ್ದರೆ 1.6 ಮಿಲಿಮೀಟರ್ ಮಾತ್ರ ಉಳಿದಿದೆ ಎಂದರ್ಥ. ಕಾನೂನಿನ ಮಿತಿಯೂ ಅದೇ. ನನ್ನ ಕೇಳಿದರೆ ಘಾಟಿಯವರು ಅಲ್ಲಿವರೆಗೆ ಕಾಯಬಾರದು, 3 ಮಿಲಿಮೀಟರಿಗೇ ಬದಲಿಸಿ. ಒಳಗಡೆ ಅಂಚನ್ನೂ ಬಗ್ಗಿ ನೋಡಿ. ಒಂದೇ ಕಡೆ ಸವೆದಿದ್ದರೆ ಅಲೈನ್‌ಮೆಂಟ್ (ಚಕ್ರಗಳ ಓರೆ ಸರಿಮಾಡುವುದು) ಮಾಡಿಸಬೇಕು.

ವಯಸ್ಸೂ ನೋಡಿ. ಪಕ್ಕೆಯ ಮೇಲೆ ನಾಲ್ಕಂಕಿ ಇರುತ್ತದೆ. 3521 ಅಂದರೆ 2021ರ 35ನೇ ವಾರ ತಯಾರಾದದ್ದು. ಬಟನ್ ಚೆನ್ನಾಗಿದ್ದರೂ ರಬ್ಬರ್ ಹಳೆಯದಾದಂತೆ ಗಟ್ಟಿಯಾಗುತ್ತದೆ, ಚಳಿಗೆ ಇನ್ನೂ ಗಟ್ಟಿ, ಹಿಡಿತ ಕಡಿಮೆ. ಬಿರುಕು ಬಿಟ್ಟಿದ್ದರೆ ಪಂಚರ್ ಅಂಗಡಿಯವರಿಗೆ ತೋರಿಸಿ. ಹಿಮದ ಟಯರು ಬೇಕಾ ಅಂತ ಕೇಳುವವರಿದ್ದಾರೆ. ಅದು ವಾರಗಟ್ಟಲೆ 7 ಡಿಗ್ರಿಗಿಂತ ಕೆಳಗೇ ಇರುವ ಊರುಗಳಿಗೆ, ನಮಗೆ ಬೇಡ, ಹತ್ತು ಗಂಟೆಗೆ ಬಿಸಿಲು ಬರುತ್ತದೆ.

ಇಳಿಯುವಾಗ ನ್ಯೂಟ್ರಲ್ ಹಾಕಬೇಡಿ. ಹತ್ತುವಾಗ ಹಾಕುವ ಗೇರಿನಲ್ಲೇ ಇಳಿಯಿರಿ, ಬ್ರೇಕೂ ಅತಿಯಾಗಿ ಕಾಯುವುದಿಲ್ಲ.

ಡಿಕ್ಕಿಯಲ್ಲಿರುವ ಸ್ಟೆಪ್ನಿ ಕೊನೆಯ ಸಲ ಗಾಳಿ ಕಂಡಿದ್ದು ಯಾವಾಗ? ಅದಕ್ಕೂ ಗೇಜು ಇಡಿ. ಸಣ್ಣ ಸೈಜಿನ ಸ್ಟೆಪ್ನಿಯಾದರೆ ಎಷ್ಟು ಗಾಳಿ, ಎಷ್ಟು ಸ್ಪೀಡು ಅಂತ ಅದರ ಮೇಲೇ ಬರೆದಿರುತ್ತದೆ. ಮಂಜಿನಲ್ಲಿ ಟಾರ್ಚ್ ಹಿಡಿದು ಓದುವ ಬದಲು ಈಗಲೇ ಓದಿಕೊಳ್ಳಿ.