ತೋಟದ ಏರಿಗೆ ತಕ್ಕಂತೆ ಥಾರ್ ಟ್ಯೂನ್ ಮಾಡಿಸಿದ್ದು

ನಮ್ಮ ತೋಟ ಇರೋದು ಸಕಲೇಶಪುರದಿಂದ ಬಿಸ್ಲೆ ಕಡೆಗೆ. ಕಾಫಿ ಕಣದಿಂದ ಟಾರ್ ರಸ್ತೆಗೆ ಬರಬೇಕೆಂದರೆ ಒಂದು ಕಡಿದಾದ ಏರು ಹತ್ತಬೇಕು. ಅದರ ನಡುವೆ ಒಂದು ಹೇರ್‌ಪಿನ್ ತಿರುವು. ನನ್ನ ಗಾಡಿ 2017ರ ಮಹೀಂದ್ರ ಥಾರ್ ಜೀಪು, ಸಿಆರ್‌ಡಿಇ ಮಾದರಿ: 2.5 ಲೀಟರ್ ಟರ್ಬೊ ಡೀಸೆಲ್, ಕಂಪನಿ ಲೆಕ್ಕದಲ್ಲಿ 105 ಬಿಎಚ್‌ಪಿ, 247 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಆರು ಮೂಟೆ ಹೇರಿಕೊಂಡು ಆ ತಿರುವಿಗೆ ಬಂದರೆ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 1,300ಕ್ಕೆ ಬೀಳುತ್ತಿತ್ತು. ಅಷ್ಟು ಕಮ್ಮಿ ಸುತ್ತಿನಲ್ಲಿ ಟರ್ಬೊಗೆ ಬೂಸ್ಟ್ (ಎಂಜಿನ್ನಿಗೆ ಒತ್ತಿ ತುಂಬುವ ಗಾಳಿ) ಕಟ್ಟಲು ಆಗುವುದಿಲ್ಲ. ಅರ್ಧ ಕ್ಲಚ್ ಒತ್ತಿ ಗಾಡಿಯನ್ನು ಎಬ್ಬಿಸಬೇಕಿತ್ತು. ಪ್ರತಿ ಸಲ ಕ್ಲಚ್ ಸುಟ್ಟ ವಾಸನೆ.

ಫೋರ್ ಲೋ (ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ನಿಧಾನದ ಗೇರು) ಹಾಕಿದರೆ ಹತ್ತುತ್ತೆ, ನಿಜ. ಆದರೆ ಆ ತಿರುವಿಗೆ ಸಿಮೆಂಟ್ ಹಾಕಿಸಿದ್ದೇವೆ. ಒಣ ಸಿಮೆಂಟಿನ ಮೇಲೆ ಫೋರ್ ವೀಲ್ ಹಾಕಿಕೊಂಡು ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಗಾಡಿ ಬಿಗಿದುಕೊಳ್ಳುತ್ತೆ. ಮುಂದಿನ, ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಥಾರ್‌ನಲ್ಲಿ ಇಲ್ಲ ಅಲ್ವಾ. ಕೊಯ್ಲಿನ ಸಮಯದಲ್ಲಿ ದಿನಕ್ಕೆ ಏಳೆಂಟು ಸಲ ಓಡಾಡುವ ದಾರಿಯಲ್ಲಿ ಅದು ಆಗದ ಮಾತು.

ಮೊದಲು ಒಂದು ಟ್ಯೂನಿಂಗ್ ಬಾಕ್ಸ್ ತರಿಸಿ ಹಾಕಿಸಿದೆ. ಅದು ಡೀಸೆಲ್ ಒತ್ತಡ ಅಳೆಯುವ ರೈಲ್ ಪ್ರೆಶರ್ ಸೆನ್ಸರ್ ಮತ್ತು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ನಡುವೆ ಕೂರುತ್ತೆ. ಒತ್ತಡ ಕಮ್ಮಿ ಇದೆ ಅಂತ ಇಸಿಯುಗೆ ಸುಳ್ಳು ಹೇಳುತ್ತೆ. ಇಸಿಯು ಅದನ್ನು ನಂಬಿ ಒತ್ತಡ ಏರಿಸುತ್ತೆ, ಡೀಸೆಲ್ ಜಾಸ್ತಿ ಹೋಗುತ್ತೆ. ಆದರೆ ನನ್ನ ತೊಂದರೆ ಇದ್ದದ್ದು ಗಾಳಿಯೇ ಇಲ್ಲದ ಆರ್‌ಪಿಎಂನಲ್ಲಿ. ಗಾಳಿ ಇಲ್ಲದ ಕಡೆ ಡೀಸೆಲ್ ಸುರಿದರೆ ಕಪ್ಪು ಹೊಗೆ ಬಿಟ್ಟು ಬೇರೇನು ಬರುತ್ತೆ? ಎರಡೇ ವಾರಕ್ಕೆ ಕಿತ್ತು ಹಾಕಿದೆ.

ಆಮೇಲೆ ಬೆಂಗಳೂರಿನ ಒಬ್ಬ ಟ್ಯೂನರ್ ಹತ್ತಿರ ಹೋದೆ. ಎಷ್ಟು ಬಿಎಚ್‌ಪಿ ಬೇಕು ಅಂತ ಅವರು ಕೇಳಲೇ ಇಲ್ಲ. ಎಷ್ಟು ಭಾರ ಹೇರುತ್ತೀರಿ, ಯಾವ ಗೇರಿನಲ್ಲಿ ಸೋಲುತ್ತೆ, ಟೈರ್ ಬದಲಿಸಿದ್ದೀರಾ ಅಂತ ಕೇಳಿದರು. ಹೌದು, ಬದಲಿಸಿದ್ದೆ. ಕಂಪನಿಯ 235/70 ಆರ್16 ತೆಗೆದು 245/75 ಹಾಕಿಸಿದ್ದೆ. ಅವರು ಅಲ್ಲೇ ಲೆಕ್ಕ ಹಾಕಿ ತೋರಿಸಿದರು. ಚಕ್ರದ ವ್ಯಾಸ ಸುಮಾರು 735 ಮಿಮೀ ಇದ್ದದ್ದು 774 ಆಗಿದೆ, ಅಂದರೆ ಶೇ 5ರಷ್ಟು ಹೆಚ್ಚು. ಅದೇ ವೇಗಕ್ಕೆ ಎಂಜಿನ್ ಶೇ 5ರಷ್ಟು ನಿಧಾನ ತಿರುಗುತ್ತೆ, ಎಳೆತವೂ ಅಷ್ಟೇ ಕಮ್ಮಿ. ಆ ತಿರುವಿನ ಕಷ್ಟದಲ್ಲಿ ಒಂದು ಪಾಲನ್ನು ನಾನೇ ದುಡ್ಡು ಕೊಟ್ಟು ತಂದುಕೊಂಡಿದ್ದೆ. ಟೈರ್ ವಾಪಸ್ ಹಳೇ ಸೈಜಿಗೆ ಹೋಯಿತು.

ಮೊದಲ ದಿನ ಅವರು ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ. ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪಿಗೆ ಗಾಳಿ ತುಂಬಿ ಸೋಪಿನ ನೀರು ಸಿಂಪಡಿಸಿದರು. ಕೆಳಗಿನ ರಬ್ಬರ್ ಹೋಸಿನ ಕ್ಲ್ಯಾಂಪ್ ಹತ್ತಿರ ಗುಳ್ಳೆ ಎದ್ದಿತು. ಕೂದಲೆಳೆಯಷ್ಟು ಸೀಳು, ಆದರೆ ಬೂಸ್ಟ್ ಅಲ್ಲೇ ಸೋರಿ ಹೋಗುತ್ತಿತ್ತು. ಎಂಜಿನ್ನಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿದರೆ ಇಜಿಆರ್ (ಹೊಗೆಯ ಒಂದು ಪಾಲನ್ನು ವಾಪಸ್ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ) ಬಿಟ್ಟ ಮಸಿ ಬೆರಳು ದಪ್ಪ ಕೂತಿತ್ತು. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಲ್ಲಿ ಒಂದು, ಉಳಿದ ಮೂರಕ್ಕಿಂತ ಜಾಸ್ತಿ ಡೀಸೆಲ್ ವಾಪಸ್ ಕಳಿಸುತ್ತಿತ್ತು. ಇಷ್ಟಕ್ಕೇ 19,000 ರೂಪಾಯಿ ಆಯಿತು. ಟ್ಯೂನಿಂಗ್‌ಗೆ ಹೋಗುವವರು ದಯವಿಟ್ಟು ಈ ಕೆಲಸ ಮೊದಲು ಮಾಡಿಸಿ. ಕಾಯಿಲೆ ಇರುವ ಎಂಜಿನ್ನಿಗೆ ರೀಮ್ಯಾಪ್ (ಇಸಿಯು ಒಳಗಿನ ಲೆಕ್ಕ ತಿದ್ದುವುದು) ಮಾಡಿದರೆ ಕಾಯಿಲೆಯೂ ಬೆಳೆಯುತ್ತೆ.

ಆಮೇಲೆ ಡೈನೊ, ಅಂದರೆ ಗಾಡಿಯನ್ನು ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ. ಟೂ ವೀಲ್ ಡ್ರೈವ್‌ನಲ್ಲಿಟ್ಟು, ಗಾಡಿಯನ್ನು ಬೆಲ್ಟ್‌ಗಳಿಂದ ಬಿಗಿದು, ಮುಂದೆ ದೊಡ್ಡ ಫ್ಯಾನ್ ಇಟ್ಟು, ನಾಲ್ಕನೇ ಗೇರಿನಲ್ಲಿ ಓಡಿಸಿದರು. ಚಕ್ರದಲ್ಲಿ ಸಿಕ್ಕಿದ್ದು 84 ಬಿಎಚ್‌ಪಿ. ಗಾಬರಿಯಾಯಿತು. ಗೇರ್‌ಬಾಕ್ಸ್, ಆಕ್ಸಲ್, ಟೈರ್ ತಿನ್ನುವ ಪಾಲು ಕಳೆದರೆ ಇದೇ ಸರಿ ಅಂತ ಸಮಾಧಾನ ಹೇಳಿದರು. ಬೆಂಗಳೂರು, ಸಕಲೇಶಪುರ ಎರಡೂ 900 ಮೀಟರಿಗಿಂತ ಎತ್ತರದಲ್ಲಿವೆ. ಹಾಗಾಗಿ ಗಾಳಿಯ ಸಾಂದ್ರತೆ ಹೆಚ್ಚುಕಮ್ಮಿ ಒಂದೇ. ಅಲ್ಲಿನ ರೀಡಿಂಗ್ ಇಲ್ಲಿಗೂ ನಡೆಯುತ್ತೆ.

ಇಸಿಯುನಲ್ಲಿದ್ದ ಕಂಪನಿಯ ಫೈಲ್ ಪೂರ್ತಿ ಓದಿ, ಒಂದು ಕಾಪಿ ನನಗೂ ಕೊಟ್ಟು, ಆಮೇಲೆ ರೀಮ್ಯಾಪ್ ಶುರು ಮಾಡಿದರು. ನಾಲ್ಕು ಸಲ ಓಡಿಸಿದ ಮೇಲೆ ಚಕ್ರದಲ್ಲಿ 101 ಬಿಎಚ್‌ಪಿ ಬಂತು. ಇನ್ನೂ ಹಾಕಿ ಅಂದೆ. ಒಪ್ಪಲಿಲ್ಲ. ‘ಸರ್, ಕಮ್ಮಿ ಆರ್‌ಪಿಎಂನಲ್ಲಿ ಟಾರ್ಕ್ ಒಮ್ಮೆಲೇ ತುಂಬಿದರೆ ಕ್ಲಚ್ಚಿಗೂ ಕನೆಕ್ಟಿಂಗ್ ರಾಡಿಗೂ ಏಟು. ನೀವು ಭಾರ ಹೇರೋರು. ಟರ್ಬೊಗೆ ಹೋಗುವ ಹೊಗೆಯ ಬಿಸಿ 700 ಡಿಗ್ರಿ ದಾಟಬಾರದು’ ಅಂದರು. 1,500ರಿಂದ ಮೆಲ್ಲಗೆ ಏರುವ ಹಾಗೆ ಟಾರ್ಕ್ ಗೆರೆಯನ್ನು ತಿದ್ದಿದರು. ಅವತ್ತು ಬೇಜಾರಾಗಿತ್ತು. ಈಗ ಅವರ ಮೇಲೆ ತುಂಬಾ ಗೌರವ ಇದೆ.

ರೀಮ್ಯಾಪ್‌ಗೆ 28,000 ಆಯಿತು. ಹೊಗೆ ಎಷ್ಟು ಕಪ್ಪು ಅಂತ ಅಳೆಯುವ ತಪಾಸಣೆಯಲ್ಲಿ, ನನ್ನ ಗಾಡಿಯಂಥ ಬಿಎಸ್4 (ಮಾಲಿನ್ಯ ನಿಯಮದ ಹಂತ) ಡೀಸೆಲ್‌ಗೆ ಮಿತಿ 1.62, ನನ್ನದು 0.9 ಬಂತು. ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿದ್ದೇನೆ. ವಾರಂಟಿ ಇರುವ ಗಾಡಿಗೆ ಇದು ಬೇಡ. ಬಿಎಸ್6 ಗಾಡಿಯ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತೆಗೆಸಿಕೊಡುತ್ತೇವೆ ಅನ್ನುವವರ ಹತ್ತಿರವಂತೂ ಹೋಗಲೇಬೇಡಿ.

ಜನವರಿಯಲ್ಲಿ ಆರು ಮೂಟೆ ಹೇರಿ ಅದೇ ತಿರುವಿಗೆ ಬಂದೆ. ಪಕ್ಕದಲ್ಲಿ ನಮ್ಮ ತೋಟದ ಲೆಕ್ಕ ನೋಡುವ ರೈಟರ್ ಕೂತಿದ್ದರು. ಟೂ ವೀಲ್, ಮೊದಲನೇ ಗೇರ್, 1,500. ಕ್ಲಚ್ ಮೇಲೆ ಕಾಲಿಡಲೇ ಇಲ್ಲ. ಗಾಡಿ ಸುಮ್ನೆ ಹತ್ತಿತು. ಮೇಲೆ ಬಂದ ಮೇಲೆ ರೈಟರ್ ಕಿಟಕಿಯಿಂದ ಹೊರಗೆ ಮೂಗು ಹಾಕಿ, ‘ವಾಸನೆ ಇಲ್ಲವಲ್ಲ ಅಣ್ಣಾ’ ಅಂದರು.