ಶಾಲೆಯ ಗೇಟಿನ ಮುಂದೆ ನಿಂತ ಗಾಡಿಗಳ ಲೆಕ್ಕ

ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಯಲ್ಲಿ ಒಂದು ಹೈಸ್ಕೂಲು. ಹೆಂಚಿನ ಕಟ್ಟಡ ಒಡೆದು ನಾಲ್ಕು ಮಹಡಿ ಕಟ್ಟಬೇಕು, ಜೊತೆಗೆ ಪಿಯು ಕಾಲೇಜನ್ನೂ ಶುರು ಮಾಡಬೇಕು ಎಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಇದರಿಂದ ಸುತ್ತಲಿನ ರಸ್ತೆಗಳಿಗೆ ಏನಾಗುತ್ತದೆ ಎಂದು ನೋಡಿ ವರದಿ ಕೊಡುವ ಕೆಲಸ ನನಗೆ ಬಂತು. ಮಾಲ್, ಅಪಾರ್ಟ್‌ಮೆಂಟ್‌ಗಳಿಗೆ ಇಂಥ ಅಧ್ಯಯನ ಮಾಡಿ ಅಭ್ಯಾಸವಿತ್ತು. ಶಾಲೆ ಇದೇ ಮೊದಲು. ಮಾಲ್‌ಗೆ ಮಾಡಿದ ಹಾಗೇ ಇಲ್ಲೂ ಮಾಡಲು ಹೊರಟೆ. ಅದರಿಂದ ಸುಮಾರು ಮೂರು ತಿಂಗಳು ಹಾಳಾಯಿತು.

ಮೊದಲ ತಪ್ಪು ದಿನ ಆರಿಸಿದ್ದರಲ್ಲಿ. ಮಾರ್ಚ್ ಕೊನೆಯಲ್ಲಿ ಎಣಿಕೆಗೆ ಹುಡುಗರನ್ನು ನಿಲ್ಲಿಸಿದೆ. ಆಗ ಎಸ್ಸೆಸ್ಸೆಲ್ಸಿಯವರು ಪರೀಕ್ಷಾ ಕೇಂದ್ರಕ್ಕೆ ಹೋಗುತ್ತಾರೆ, ಉಳಿದ ಕ್ಲಾಸಿನವರು ಪರೀಕ್ಷೆ ಮುಗಿಸಿ ಬೇಗ ಮನೆಗೆ ಹೊರಡುತ್ತಾರೆ. ರಸ್ತೆ ಖಾಲಿ ಖಾಲಿ. ಆ ಅಂಕಿಗಳನ್ನು ಇಟ್ಟುಕೊಂಡು ವರದಿ ಬರೆದಿದ್ದರೆ ಎಲ್ಲರಿಗೂ ಸಂತೋಷ ಆಗುತ್ತಿತ್ತು. ಆದರೆ ಅದು ಸುಳ್ಳು ವರದಿ. ಎಲ್ಲವನ್ನೂ ಬಿಟ್ಟು ಜುಲೈವರೆಗೆ ಕಾದೆ. ಮಂಗಳವಾರ, ಬುಧವಾರ, ಗುರುವಾರ ಎಣಿಸಿದೆವು. ಶನಿವಾರ ಅರ್ಧ ದಿನ ಆದ್ದರಿಂದ ಅದನ್ನು ಬೇರೆಯಾಗಿ ನೋಡಿದೆವು. ಒಂದು ಮಳೆ ದಿನವೂ ಬೇಕು ಎಂದು ಹಠ ಹಿಡಿದೆ. ಮಳೆ ಬಂದರೆ ಸ್ಕೂಟರಿನಲ್ಲಿ ಬರುವವರು ಆಟೋ ಹತ್ತುತ್ತಾರೆ, ನಡೆದು ಬರುವವರನ್ನು ಅಪ್ಪ ಕಾರಿನಲ್ಲಿ ಬಿಡುತ್ತಾರೆ. ಬೆಂಗಳೂರಿನಲ್ಲಿ ಅದೂ ಒಂದು ಸಾಮಾನ್ಯ ದಿನವೇ ಅಲ್ವಾ?

ಎರಡನೆಯ ವಿಷಯ ಗಂಟೆಯ ಲೆಕ್ಕ. ನಾವು ಹದಿನೈದು ನಿಮಿಷಕ್ಕೊಮ್ಮೆ ಎಣಿಸಿ ನಾಲ್ಕನ್ನು ಕೂಡಿ ಒಂದು ಗಂಟೆಯ ಅಂಕಿ ಮಾಡುತ್ತೇವೆ. ಸಾಮಾನ್ಯ ರಸ್ತೆಯಲ್ಲಿ ನಾಲ್ಕೂ ಸುಮಾರಾಗಿ ಒಂದೇ ಇರುತ್ತವೆ. ಶಾಲೆಯ ಮುಂದೆ ಹಾಗಲ್ಲ. ಗಂಟೆಗೆ 600 ಗಾಡಿ ಅಂದುಕೊಳ್ಳಿ. ಅದರಲ್ಲಿ 300 ಗಾಡಿ ಬೆಲ್ ಹೊಡೆಯುವ ಮುಂಚಿನ ಹದಿನೈದೇ ನಿಮಿಷದಲ್ಲಿ ಬಂದರೆ, ಆ ಹೊತ್ತಿನಲ್ಲಿ ಗಂಟೆಗೆ 1200 ಗಾಡಿ ಬರುತ್ತಿದ್ದಂತೆ. ಗಂಟೆಯ ಅಂಕಿ ಮಾತ್ರ ಬರೆದರೆ ಅರ್ಧ ವಿಷಯ ಮುಚ್ಚಿಟ್ಟ ಹಾಗೆ. ಅದಕ್ಕೇ ನಾನು ಬೆಳಿಗ್ಗೆಯದನ್ನು ಐದೈದು ನಿಮಿಷಕ್ಕೆ ಬಿಡಿಸಿ ಹಾಕಿದೆ.

ಮೂರನೆಯದು ರಸ್ತೆಯ ಸಾಮರ್ಥ್ಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ವರದಿಗಳು ದಾರಿ ತಪ್ಪುವುದು ಇಲ್ಲೇ ಜಾಸ್ತಿ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅದರ 106ನೇ ಸಂಹಿತೆ 1990ರದು. ನಗರದ ರಸ್ತೆಗಳಿಗೆ ನಾವು ಇಂದಿಗೂ ಅದನ್ನು ತೆಗೆದು ನೋಡುತ್ತೇವೆ. ಎಲ್ಲ ಗಾಡಿಗಳನ್ನೂ ಕಾರಿನ ಲೆಕ್ಕಕ್ಕೆ ತರುವ ಅಳತೆಗೆ ಪಿಸಿಯು ಎನ್ನುತ್ತೇವೆ. ಎರಡೂ ಕಡೆ ಗಾಡಿ ಓಡುವ ಎರಡು ಲೇನಿನ ರಸ್ತೆಗೆ ಅಲ್ಲಿ ಮೂರು ಅಂಕಿಗಳಿವೆ. ಗಂಟೆಗೆ 1500, 1200, 900 ಪಿಸಿಯು. ಗಾಡಿ ನಿಲ್ಲುವ ಹಾಗೇ ಇಲ್ಲ, ಪಕ್ಕದ ಮನೆ ಅಂಗಡಿಗಳಿಂದ ಗಾಡಿ ನೇರವಾಗಿ ರಸ್ತೆಗೆ ಬರುವುದಿಲ್ಲ ಅನ್ನುವ ರಸ್ತೆಗೆ 1500. ಪಕ್ಕದಿಂದ ಗಾಡಿ ಬರುತ್ತವೆ, ಆದರೆ ನಿಲ್ಲುವುದಿಲ್ಲ ಅಂದರೆ 1200. ಗಾಡಿಗಳು ನಿಂತಿರುತ್ತವೆ, ಅಡ್ಡ ಹಾಯುವವರೂ ಜಾಸ್ತಿ ಅಂದರೆ 900. ಈಗ ರಸ್ತೆಯಲ್ಲಿ 900 ಪಿಸಿಯು ಓಡುತ್ತಿದೆ ಅಂದುಕೊಳ್ಳಿ. ಮೊದಲ ಸಾಲು ಹಿಡಿದರೆ ರಸ್ತೆ ನೂರಕ್ಕೆ 60 ತುಂಬಿದೆ. ಎರಡನೆಯದಕ್ಕೆ 75. ಮೂರನೆಯದಕ್ಕೆ ಪೂರ್ತಿ ತುಂಬಿದೆ. ರಸ್ತೆ ಅದೇ, ಗಾಡಿಗಳೂ ಅವೇ. ನಕ್ಷೆಯಲ್ಲಿ ಆ ರಸ್ತೆಯ ವರ್ಗ ದೊಡ್ಡದಿತ್ತು. ಆದರೆ ಬೆಳಿಗ್ಗೆ ಎಂಟೂಕಾಲಿಗೆ ಅಲ್ಲಿ ಹೋಗಿ ನಿಂತವರು ಯಾರೂ 900 ಬಿಟ್ಟು ಬೇರೆ ಅಂಕಿ ಹಿಡಿಯಲಾರರು. ನಾನು ಹಾಗೇ ಬರೆದೆ. ಆಡಳಿತ ಮಂಡಳಿಯ ಒಬ್ಬ ಹಿರಿಯರಿಗೆ ಬೇಸರವಾಯಿತು. "ಬೇರೆಯವರು ಇಷ್ಟು ಕಷ್ಟ ಕೊಡಲ್ಲ" ಎಂದರು. ಬೆಳಿಗ್ಗೆ ಒಂದು ದಿನ ನನ್ನ ಜೊತೆ ಬಂದು ನಿಲ್ಲಿ ಸರ್ ಎಂದು ಕರೆದೆ. ಬಂದರು, ನಲವತ್ತು ನಿಮಿಷ ನಿಂತರು. ಆಮೇಲೆ ಆ ಮಾತು ಎತ್ತಲಿಲ್ಲ.

ಇಷ್ಟಾದರೂ ನನ್ನ ಕಣ್ಣು ಓಡುವ ಗಾಡಿಗಳ ಮೇಲೇ ಇತ್ತು. ಮಧ್ಯಾಹ್ನದ ಪರದಾಟ ಅರ್ಥ ಮಾಡಿಸಿದವರು ಒಬ್ಬ ಸ್ಕೂಲ್ ವ್ಯಾನ್ ಡ್ರೈವರ್. ಶಾಲೆ ಬಿಡುವುದು ಮೂರೂವರೆಗೆ. ಅವರು ಎರಡೂಮುಕ್ಕಾಲಿಗೇ ಬಂದು ಮರದ ನೆರಳಲ್ಲಿ ವ್ಯಾನ್ ಹಾಕಿದ್ದರು. "ಯಾಕಣ್ಣ ಇಷ್ಟು ಬೇಗ?" ಎಂದೆ. "ಆಮೇಲೆ ಬಂದ್ರೆ ಜಾಗ ಎಲ್ಲಿ ಸಿಗುತ್ತೆ ಸಾರ್? ಮಕ್ಕಳು ರೋಡ್ ದಾಟಿ ಆ ಕಡೆ ಬರಬೇಕಾಗುತ್ತೆ" ಎಂದರು. ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ನಿಮಿಷಕ್ಕೆ ನಾಲ್ಕು ಗಾಡಿ ಬಂದು, ಒಂದೊಂದೂ ಹತ್ತು ನಿಮಿಷ ಕಾದರೆ, ಯಾವ ಹೊತ್ತಿನಲ್ಲಿ ನೋಡಿದರೂ ನಲವತ್ತು ಗಾಡಿ ನಿಂತಿರುತ್ತವೆ. ಸಾಲಿನಲ್ಲಿ ಒಂದು ಕಾರಿಗೆ ಸುಮಾರು ಆರು ಮೀಟರ್ ಬೇಕು. ಅಂದರೆ 240 ಮೀಟರ್. ಶಾಲೆಯ ಮುಂಭಾಗ 90 ಮೀಟರ್ ಕೂಡ ಇರಲಿಲ್ಲ. ನಿಮಿಷಕ್ಕೆ ನಾಲ್ಕು ಅನ್ನುವುದು ಓಡಾಟದ ಎಣಿಕೆಯಲ್ಲಿ ಏನೂ ಅಲ್ಲದ ಸಂಖ್ಯೆ. ನಿಂತಾಗ ಮಾತ್ರ ಅದು ರಸ್ತೆಯನ್ನು ನುಂಗುತ್ತದೆ. ಮರುದಿನದಿಂದ ಎಣಿಸುವ ಹುಡುಗರ ಕೈಗೆ ಇನ್ನೊಂದು ಹಾಳೆ ಕೊಟ್ಟೆ. ಪ್ರತಿ ಐದು ನಿಮಿಷಕ್ಕೆ ಯಾವ ಗಾಡಿ ಎಲ್ಲಿ ನಿಂತಿದೆ, ಎಷ್ಟು ಹೊತ್ತಿನಿಂದ ನಿಂತಿದೆ. ಆ ಹಾಳೆಯೇ ಕೊನೆಗೆ ಇಡೀ ವರದಿಯ ಜೀವಾಳವಾಯಿತು.

ಮಕ್ಕಳು ಹೇಗೆ ಬರುತ್ತಾರೆ ಎಂದು ತಿಳಿಯಲು ಮೊದಲು ಮನೆಗೆ ಫಾರ್ಮ್ ಕಳಿಸಿದ್ದೆ. "ಸಾಮಾನ್ಯವಾಗಿ ಹೇಗೆ ಬರುತ್ತೀರಿ" ಎಂದು ಕೇಳಿದ್ದೆ. ವಾಪಸ್ ಬಂದವು ಕಮ್ಮಿ, ಬಂದವುಗಳಲ್ಲಿ ಬರೆದದ್ದಕ್ಕೂ ಗೇಟಿನಲ್ಲಿ ಕಂಡದ್ದಕ್ಕೂ ತಾಳೆ ಆಗಲಿಲ್ಲ. ಆಮೇಲೆ ಹೆಡ್ ಮೇಡಂ ಒಂದು ಉಪಾಯ ಹೇಳಿದರು. ಮೊದಲ ಪೀರಿಯಡ್‌ನಲ್ಲಿ ಹಾಜರಿ ಕೂಗುವಾಗಲೇ ಕೇಳಿಬಿಡೋಣ, ಕೈ ಎತ್ತಲಿ ಎಂದರು. ಇವತ್ತು ಬೆಳಿಗ್ಗೆ ಹೇಗೆ ಬಂದಿರಿ? ನಿನ್ನೆ ಸಂಜೆ ಹೇಗೆ ಹೋದಿರಿ? ಎರಡೇ ಪ್ರಶ್ನೆ, ಒಂದೇ ದಿನದಲ್ಲಿ ಎಲ್ಲ ಕ್ಲಾಸೂ ಮುಗಿಯಿತು. ಆಗ ಗೊತ್ತಾಯಿತು, ಬೆಳಿಗ್ಗೆ ಅಪ್ಪನ ಬೈಕಿನಲ್ಲಿ ಬರುವ ಎಷ್ಟೋ ಮಕ್ಕಳು ಸಂಜೆ ಬಿಎಂಟಿಸಿ ಬಸ್ಸಿನಲ್ಲೋ ನಡೆದೋ ಹೋಗುತ್ತಾರೆ. ಅಪ್ಪ ಆಫೀಸಿಗೆ ಹೋಗುವ ದಾರಿಯಲ್ಲಿ ಬಿಡುತ್ತಾರೆ, ಸಂಜೆ ಅವರು ಬರಲಾಗುವುದಿಲ್ಲ. ಇನ್ನು ಬಿಟ್ಟು ಮನೆಗೇ ವಾಪಸ್ ಹೋಗುವ ಅಮ್ಮಂದಿರ ಸ್ಕೂಟರ್ ಬೇರೆ ಲೆಕ್ಕ. ಮಗುವಿಗೆ ದಿನಕ್ಕೆ ಎರಡೇ ಪ್ರಯಾಣ, ಆ ಗಾಡಿಗೆ ನಾಲ್ಕು.

ಪಿಯು ವಿಷಯದಲ್ಲಿ ನನಗೆ ನಿಜಕ್ಕೂ ಆತಂಕವಿತ್ತು. "ನಮ್ಮ ಮಕ್ಕಳು ಯಾರೂ ಗಾಡಿ ತರುವುದಿಲ್ಲ" ಎಂದು ಆಡಳಿತ ಮಂಡಳಿಯವರು ಬರೆದುಕೊಟ್ಟಿದ್ದರು. ಹದಿನೆಂಟು ತುಂಬದೆ ಸ್ಕೂಟರ್ ಓಡಿಸಲು ಲೈಸೆನ್ಸ್ ಸಿಗುವುದಿಲ್ಲ. 16ಕ್ಕೆ ಸಿಗುವುದು 50 ಸಿಸಿ ಮೀರದ ಗಾಡಿಗೆ ಮಾತ್ರ. 2019ರ ತಿದ್ದುಪಡಿಯ ನಂತರ ಮಕ್ಕಳ ಕೈಗೆ ಗಾಡಿ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಇದೆ. ಆದರೂ ಹತ್ತಿರದ ಬೇರೊಂದು ಪಿಯು ಕಾಲೇಜಿನ ಹಿಂದಿನ ಕ್ರಾಸ್‌ಗಳಲ್ಲಿ ನಡೆದು ನೋಡಿದೆ. ಮನೆಗಳ ಕಾಂಪೌಂಡಿಗೆ ಒರಗಿಸಿದ ಸ್ಕೂಟರ್‌ಗಳ ಸಾಲು, ಮಿರರ್‌ಗೆ ಸಿಕ್ಕಿಸಿದ ಐಡಿ ಕಾರ್ಡಿನ ದಾರ. ಆ ಗಾಡಿಗಳು ಯಾವ ಕಾಗದದಲ್ಲೂ ಇಲ್ಲ. ಹಾಗೆಂದು ಕ್ಯಾಂಪಸ್ ಒಳಗೆ ಅವಕ್ಕೆ ಪಾರ್ಕಿಂಗ್ ಕೊಡಿ ಎಂದು ಬರೆಯಲು ನನಗೆ ಮನಸ್ಸಾಗಲಿಲ್ಲ. ಹದಿನಾರರ ಹುಡುಗನಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ. ಇರುವ ಪರಿಸ್ಥಿತಿಯನ್ನು ಬರೆದೆ. ಕಾಲೇಜಿನ ಸಮಯವನ್ನು ಹೈಸ್ಕೂಲಿಗಿಂತ ಮುಕ್ಕಾಲು ಗಂಟೆ ಹಿಂದೆ ಮುಂದೆ ಮಾಡಿ, ಬಸ್‌ಸ್ಟಾಪಿಗೆ ಹತ್ತಿರ ಇರುವ ಕಡೆ ಕಾಲೇಜಿನ ಬಾಗಿಲು ಇಡಿ ಎಂದೆ.

ಗೇಟಿನ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. ಹೊಸ ನಕ್ಷೆಯಲ್ಲಿ ಮುಖ್ಯ ಗೇಟನ್ನು ಅಂದವಾಗಿ ಕಾಣಲೆಂದು ಮೇನ್ ರೋಡಿಗೆ ತಂದಿದ್ದರು. ಜಂಕ್ಷನ್‌ನಿಂದ 30 ಮೀಟರ್. ಐದು ಕಾರು ನಿಂತರೆ ಸಾಲು ಸಿಗ್ನಲ್ ಮುಟ್ಟುತ್ತದೆ. ಗಾಡಿ ಗೇಟನ್ನು ಹಿಂದಿನ ಕ್ರಾಸ್‌ಗೆ ಹಾಕಿ, ಒಳಗೆ ಒಂದೇ ದಿಕ್ಕಿನಲ್ಲಿ ಸುತ್ತಿ ಹೊರಗೆ ಬರುವ ಹಾಗೆ ದಾರಿ ಮಾಡಿ, ಐದು ಕಾರು ಒಟ್ಟಿಗೆ ನಿಲ್ಲುವಷ್ಟು ಜಾಗ ಬಿಡಿ ಎಂದು ಬರೆದೆ. ಒಂದು ಕಾರು ಅರ್ಧ ನಿಮಿಷದಲ್ಲಿ ಮಗುವನ್ನು ಇಳಿಸಿ ಹೊರಟರೆ ನಿಮಿಷಕ್ಕೆ ಹತ್ತು ಕಾರು ದಾಟುತ್ತವೆ. ಮೇನ್ ರೋಡಿನ ಗೇಟು ನಡೆದು ಬರುವ ಮಕ್ಕಳಿಗೆ ಮಾತ್ರ. ಏಳು ಮೀಟರ್ ರಸ್ತೆ ದಾಟಲು ಮಗುವಿಗೆ ಸುಮಾರು ಆರು ಸೆಕೆಂಡ್ ಬೇಕು. ಅಷ್ಟರಲ್ಲಿ 40 ಕಿಲೋಮೀಟರ್ ವೇಗದ ಗಾಡಿ 65 ಮೀಟರ್‌ಗೂ ಜಾಸ್ತಿ ಬಂದುಬಿಡುತ್ತದೆ. ಗೇಟಿನ ಪಕ್ಕ ಆಟೋ ನಿಂತಿದ್ದರೆ ಆ ಗಾಡಿಗೆ ಮಗು ಕಾಣುವುದೇ ಇಲ್ಲ. ಅದಕ್ಕೇ ಅಲ್ಲಿ ಗಾಡಿ ನಿಲ್ಲದ ಹಾಗೆ ಕಂಬಗಳನ್ನು ನೆಡಬೇಕು, ಎತ್ತರಿಸಿದ ಜೀಬ್ರಾ ಕ್ರಾಸಿಂಗ್ ಬೇಕು ಎಂದೆ.

ಕಟ್ಟಡ ಏಳುವ ಎರಡು ವರ್ಷದ ಬಗ್ಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಆದರೆ ಅದೇ ಅತಿ ಕೆಟ್ಟ ಕಾಲ. ಶಾಲೆ ಅದೇ ಜಾಗದಲ್ಲಿ ನಡೆಯುತ್ತಿರುತ್ತದೆ, ಅರ್ಧ ಮೈದಾನ ಕಬ್ಬಿಣ, ಜಲ್ಲಿಗೆ ಹೋಗಿರುತ್ತದೆ. ಒಳಗೆ ನಿಲ್ಲುತ್ತಿದ್ದ ವ್ಯಾನ್‌ಗಳೂ ರಸ್ತೆಗೆ ಬರುತ್ತವೆ. ಮಕ್ಕಳು ಬರುವ, ಬಿಡುವ ಹೊತ್ತಿನಲ್ಲಿ ಲಾರಿ, ಕಾಂಕ್ರೀಟ್ ಗಾಡಿ ಒಳಗೆ ಬಿಡಬಾರದು ಎಂದು ಕಂಟ್ರಾಕ್ಟರ್ ಕರಾರಿನಲ್ಲೇ ಸೇರಿಸಲು ಹೇಳಿದೆ. ಆ ಎರಡು ವರ್ಷ ಮೂರು ಕ್ಲಾಸುಗಳನ್ನು ಹದಿನೈದು ನಿಮಿಷದ ಅಂತರದಲ್ಲಿ ಬಿಡಲು ಹೆಡ್ ಮೇಡಂ ಒಪ್ಪಿದರು.

ಹೊಸ ಕಟ್ಟಡದಲ್ಲಿ ಶಾಲೆ ಶುರುವಾದ ಮೇಲೆ ಒಂದು ಜುಲೈನಲ್ಲಿ ನನ್ನ ಖರ್ಚಿನಲ್ಲೇ ಹೋಗಿ ಮತ್ತೆ ಎಣಿಸಿದೆ. ಬಹುತೇಕ ವ್ಯಾನ್‌ಗಳು ಒಳಗೆ ನಿಂತಿದ್ದವು, ಕಾರುಗಳು ಹಿಂದಿನ ಕ್ರಾಸ್‌ನಿಂದ ಬರುತ್ತಿದ್ದವು. ಎತ್ತರಿಸಿದ ಕ್ರಾಸಿಂಗ್ ಮಾತ್ರ ಆಗಿರಲಿಲ್ಲ, ಬಣ್ಣದ ಪಟ್ಟೆಯಷ್ಟೇ ಬಳಿದಿದ್ದರು. ಪಿಟಿ ಮಾಸ್ಟರ್ ಬೆಳಿಗ್ಗೆ ಸಂಜೆ ಕೈಯಲ್ಲಿ ಸೀಟಿ ಹಿಡಿದು ಅಲ್ಲಿ ನಿಲ್ಲುತ್ತಾರೆ. ಅವರ ಫೋಟೋ ಮತ್ತು ಅವತ್ತಿನ ಎಣಿಕೆ ಹಾಳೆ ಸೇರಿಸಿ ಕ್ರಾಸಿಂಗ್‌ಗೆ ಇನ್ನೊಂದು ಅರ್ಜಿ ಬರೆದುಕೊಟ್ಟು ಬಂದೆ. ಪಿಯು ಎರಡನೇ ವರ್ಷದ ಬ್ಯಾಚೂ ತುಂಬಿದ ಮೇಲೆ ಮತ್ತೆ ಎಣಿಸಲು ಹೋಗಬೇಕು.